ಡಾಕ್ಟರಕ್ಕನ ಹೆಸರಿನ ಕಾರ್ಡು

ಹದಿನೇಳನೇ ತಾರೀಖು, ಬುಧವಾರ

ಪ್ರೀತಿಯ ಡಾಕ್ಟರಕ್ಕನಿಗೆ,

ನಿಮ್ಮನ್ನು ಅಕ್ಕ ಎನ್ನುವ ಹಕ್ಕು ಇನ್ನೂ ಉಳಿದಿದೆಯೋ ಇಲ್ಲವೋ ತಿಳಿಯದು. ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಪತ್ರ.

ನನ್ನ ಚಿತ್ರಪ್ರದರ್ಶನದ ಆಮಂತ್ರಣದ ಜೊತೆ, ನಿಮ್ಮ ಬಗ್ಗೆ ನಾನು ಬರೆದಿಟ್ಟುಕೊಂಡಿದ್ದ ಕಾರ್ಡೂ ಲಕೋಟೆಗೆ ಸೇರಿದ್ದು ನನ್ನದೇ ತಪ್ಪು. ವಿಳಾಸ ನೋಡಿ ಬರೆಯಲು ಪಕ್ಕದಲ್ಲಿಟ್ಟುಕೊಂಡಿದ್ದೆ. ನೀವು ಅದನ್ನು ವಾಪಸು ಕಳಿಸಿದಿರಿ, ಕೆಳಗೆ ಒಂದೇ ಸಾಲು ಬರೆದು: "ಮಂಡಿ ಈಗ ವಾಸಿ." ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಒಂಬತ್ತು ವರ್ಷದ ಹಿಂದೆ ನೀವು ನನ್ನ ದೋಣಿಯ ಚಿತ್ರದ ಮುಂದೆ ಅರ್ಧ ಗಂಟೆ ನಿಂತು, ಏನೂ ಕೊಳ್ಳದೆ ಹೋದಿರಿ. ನನಗೆ ಅಳುವೇ ಬಂದಿತ್ತು. ಆಗ ಗ್ಯಾಲರಿಯ ಯಜಮಾನರು, ಚಿತ್ರ ಹಿಡ್ಕೊಂಡು ಕೂತ್ರೆ ಆಗಲ್ಲಮ್ಮ, ಜನರನ್ನ ಹಿಡ್ಕೋ, ಇವತ್ತಲ್ಲ ನಾಳೆ ಕೊಳ್ತಾರೆ ಎಂದು ಒಂದು ಕಟ್ಟು ಕಾರ್ಡು ಕೊಟ್ಟರು. ಬಂದವರ ಹೆಸರಿಗೆ ಒಂದೊಂದು, ಅವರ ವಿಷಯ ನಾನು ಬರೆದಿಟ್ಟುಕೊಳ್ಳಲು. ನಿಮ್ಮದು "ಹಲ್ಲಿನ ಡಾಕ್ಟರು, ನೀಲಿ ಇಷ್ಟ, ಮಂಡಿನೋವು ವಿಚಾರಿಸು" ಎಂದು ಶುರುವಾಯಿತು. ಕೊನೆಯದನ್ನು ನೀವೇ ಓದಿದ್ದೀರಿ: "ಗಂಡ ತೀರಿಕೊಂಡರು. ಮೂರು ತಿಂಗಳು ಸುಮ್ಮನಿರು. ಆಮೇಲೆ ನಡುಮನೆಯ ಖಾಲಿ ಗೋಡೆಯ ಮಾತೆತ್ತು."

ಆದರೆ ಸುಮ್ಮನಿದ್ದೆನೇ ಅಕ್ಕ? ಮರುದಿನವೇ ಓಡಿ ಬಂದೆ. ಎಂಟು ದಿನ ನಿಮ್ಮ ಅಡುಗೆಮನೆಯಲ್ಲಿ ಬಂದವರ ಲೋಟ ತೊಳೆದೆ. ನನಗೆ ಆಪರೇಷನ್ ಆದಾಗ ನೀವು ಕ್ಲಿನಿಕ್ಕಿಗೆ ಬೀಗ ಹಾಕಿ ಬಂದು ನನ್ನ ತಲೆ ಬಾಚಿದಿರಿ. ಇದನ್ನೆಲ್ಲ ಕಾರ್ಡಿನಲ್ಲಿ ಬರೆಯಬೇಕೆಂದು ನನಗೆ ಹೊಳೆಯಲೇ ಇಲ್ಲ.

ಸುಳ್ಳು ಹೇಳಲಾರೆ. ಲೋಟ ಒರೆಸುತ್ತ ಅಡುಗೆಮನೆಯ ಬಾಗಿಲಿಂದಲೇ ಆ ಗೋಡೆಯ ಅಗಲವನ್ನು ಕಣ್ಣಲ್ಲಿ ಅಳೆದಿದ್ದೆ. ನಿಮ್ಮ ಜೊತೆ ಅತ್ತದ್ದೂ ನಿಜ, ಅಳೆದದ್ದೂ ನಿಜ. ಯಾವುದು ಎಷ್ಟು ಎಂದು ಬಿಡಿಸಿ ಹೇಳಲು ನನಗೇ ಬರುತ್ತಿಲ್ಲ.

ಈಗ ಬಾಯಿಬಿಟ್ಟರೆ ಬಣ್ಣಗೇಡು. ಹೇಗಿದ್ದೀರಿ ಎಂದರೂ ವ್ಯಾಪಾರ, ಕ್ಷಮಿಸಿ ಎಂದರೂ ವ್ಯಾಪಾರ. ದೋಣಿಯ ಚಿತ್ರವನ್ನು ನಿಮಗೆ ಸುಮ್ಮನೆ ಕೊಟ್ಟುಬಿಡೋಣವೆಂದು ಕಟ್ಟಿಟ್ಟೆ. ಅದೂ ಗಾಳಕ್ಕೆ ಸಿಕ್ಕಿಸಿದ ಹುಳುವಿನಂತೆ ಕಂಡೀತೆಂದು ಮತ್ತೆ ಬಿಚ್ಚಿದೆ. ನೀವು ಏನನ್ನೂ ಕೊಳ್ಳುವುದು ಬೇಡ. ಒಂದು ಸಲ ಫೋನ್ ಎತ್ತಿ ಬಾಯಿಗೆ ಬಂದಂತೆ ಬೈಯಿರಿ, ಸಾಕು.

ದಾರಿ ಕಾಣದೆ ಕೂತಿರುವ,
ನಿಮ್ಮ ತಂಗಿ

ತಾ.ಕ.: ಪತ್ರ ಮಡಿಸಿ ನೋಡುತ್ತೇನೆ, ನಿಮ್ಮ ಕಾರ್ಡಿನಲ್ಲಿ, ನೀವು ಬರೆದ ಆ ಸಾಲಿನ ಕೆಳಗೆ, ನನ್ನ ಕೈ ಆಗಲೇ ಬರೆದಿಟ್ಟಿದೆ: "ಹದಿನೇಳು. ಕ್ಷಮೆ ಕೇಳಿ ಪತ್ರ. ಹದಿನೈದು ದಿನ ಬಿಟ್ಟು ಫೋನ್ ಮಾಡು." ಏನು ಮಾಡಲಿ ಅಕ್ಕ?