ಕಿಟಕಿಗೆ ಅಡ್ಡ ಇಟ್ಟ ಬೀರು

ಹುಣಸೂರು
೧೭ ಏಪ್ರಿಲ್ ೨೦೨೫

ಪ್ರೀತಿಯ ನೀಲಾ,

ಸರಗೂರಿನಲ್ಲಿ ಬಿಸಿಲು ಹೇಗಿದೆ? ನಿನ್ನ ಮಂಡಿನೋವು ಕಡಿಮೆಯಾಯಿತೆ? ನಿನ್ನ ತಂಗಿ ಪುಟ್ಟಿಯ ಮನೆಯಲ್ಲಿ ಮೆಟ್ಟಿಲು ಹೆಚ್ಚು, ಮೇಲಕ್ಕೂ ಕೆಳಕ್ಕೂ ಓಡಾಡಬೇಡ. ನಾನು ಆರೋಗ್ಯವಾಗಿದ್ದೇನೆ. ಸಾರಿಗೆ ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಇಲ್ಲವೇ ಇಲ್ಲ. ಫೋನಿನಲ್ಲಿ ನನಗೆ ಮೂರು ಮಾತಿಗಿಂತ ಹೆಚ್ಚು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಕಾಲೇಜಿನ ಹುಡುಗಿ ಉಷಾರಾಣಿ ಬಂದಿದ್ದಳು. ಮನೆಗಳ ಸೆಕೆಯ ಬಗ್ಗೆ ಅವಳ ಅಧ್ಯಯನ. ನನ್ನನ್ನು ಮೊದಲು ಫ್ಯಾನಿನ ಮುಂದೆ, ಆಮೇಲೆ ಜಗಲಿಯಲ್ಲಿ ಅರ್ಧರ್ಧ ಗಂಟೆ ಕೂರಿಸಿ, ಪಕ್ಕದಲ್ಲಿ ಗಾಳಿಯ ವೇಗ ಅಳೆಯುವ ಪುಟ್ಟ ಯಂತ್ರ ಇಟ್ಟಳು. ಐದೈದು ನಿಮಿಷಕ್ಕೊಮ್ಮೆ ನಾನು ಹಾಳೆಯಲ್ಲಿ ಗುರುತು ಹಾಕಬೇಕು: ಹಿತ, ಸೆಕೆ, ಚಳಿ. ಮನೆಗೆ ಬಂದವಳನ್ನು ನೋಯಿಸಬಾರದೆಂದು ಎಲ್ಲಕ್ಕೂ ಹಿತವೆಂದೇ ಹಾಕಿದೆ. ಹಾಳೆ ನೋಡಿ ನಕ್ಕು, “ಸಾರ್, ನನ್ ಮುಖ ನೋಡ್ಕಂಡು ಬರೀಬ್ಯಾಡಿ, ನಿಮ್ ಮೈನ ಕೇಳಿ ಬರೀರಿ” ಎಂದು ಇನ್ನೊಂದು ಹಾಳೆ ಕೊಟ್ಟು ಮತ್ತೆ ಮೊದಲಿನಿಂದ ಕೂರಿಸಿದಳು.

ಈ ಸಲ ನಿಜ ಬರೆದೆ. ಫ್ಯಾನಿನ ಮುಂದೆ ಹದಿನೈದನೆಯ ನಿಮಿಷಕ್ಕೆ ಗಾಳಿ ಇದೆಯೆಂಬುದೇ ಮರೆತು ಸೆಕೆಯಾಯಿತು. ಜಗಲಿಯಲ್ಲಿ ಗಾಳಿ ಬಂತು, ನಿಂತಿತು, ಎದುರಿನ ಹೊಂಗೆಮರ ಅಲುಗಿಸಿ ಮತ್ತೆ ಬಂತು, ಕೊನೆಯವರೆಗೂ ಹಿತವಾಗಿತ್ತು. ಸರಾಸರಿ ವೇಗ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ. ಒಂದೇ ಸಮ ಬೀಸುವುದಕ್ಕೆ ಮೈ ಒಗ್ಗಿಬಿಡುತ್ತದೆ, ಏರಿಳಿದರೆ ಪ್ರತಿ ಸಲವೂ ಹೊಸದಾಗಿ ತಿಳಿಯುತ್ತದೆ ಎಂದಳು.

ಯಂತ್ರವಿಲ್ಲದೆಯೇ ನೀನು ಇದನ್ನು ಹೇಳಿದ್ದೆ, ನಾನು ಪುಸ್ತಕದ ಬೀರುವನ್ನು ನಡುಮನೆಯ ಕಿಟಕಿಗೆ ಅಡ್ಡ ಇಡಿಸಿ ಹೊಸ ಫ್ಯಾನು ತಂದ ದಿನ. ನೀನು ಅಕ್ಕಿ ಆರಿಸಲು ಕೂರುತ್ತಿದ್ದ ಕಿಟಕಿ ಅದು. “ಗಾಳಿ ಬಂದು ಓಗ್ತಾ ಇರ್ಬೇಕು ಕಣ್ರೀ, ಈ ಫ್ಯಾನು ಬಂದ ನೆಂಟ್ರು ಓಗ್ದೇ ಕುಂತಂಗೆ” ಎಂದೆ ನೀನು. ಗಾಳಿ ಗಾಳಿಯೇ, ಎಲ್ಲಿಂದ ಬಂದರೇನು ಎಂದು ನಾನು ಪುಟ ತಿರುಗಿಸಿದೆ. ನೀನು ನಾಲ್ಕು ದಿನಕ್ಕೆಂದು ಚೀಲ ಹಿಡಿದು ಪುಟ್ಟಿಯ ಮನೆಗೆ ಹೊರಟೆ. ಇಂದಿಗೆ ನಲವತ್ತೊಂದು ದಿನ. ಎಲ್ಲಿಯದೋ ದೇಶದ ಕಾದಂಬರಿಯಲ್ಲಿ ಹೆಂಡತಿ ಮನೆಬಿಟ್ಟ ಕಾರಣ ಹುಡುಕಿ ಅಂಚಿನಲ್ಲಿ ಗೆರೆ ಎಳೆಯುವವನಿಗೆ ಇದು ಹೊಳೆಯಲಿಲ್ಲ.

ಹಾಳೆಯ ಕೊನೆಯ ಪ್ರಶ್ನೆ: ಈಗ ಏನಾದರೂ ಬದಲಾಗಬೇಕೆ? ಹೌದು ಎಂದು ಹಾಕಿದೆ. ಏನು ಎಂಬ ಜಾಗ ಖಾಲಿ ಬಿಟ್ಟೆ. ಅದು ಆ ಹುಡುಗಿಗೆ ಬರೆಯುವಂಥದ್ದಲ್ಲ.

ಪುಟ್ಟಿಗೆ ನನ್ನ ಆಶೀರ್ವಾದ ಹೇಳು. ಮಂಡಿಯ ಎಣ್ಣೆ ಮರೆಯಬೇಡ.

ನಿನ್ನ
ಸೋಮಶೇಖರ

ಮರೆತಿದ್ದೆ: ಬೀರು ಸರಿಸಿದ್ದೇನೆ. ಕಿಟಕಿ ತೆರೆದಿಟ್ಟರೆ ಗಾಳಿಗೆ ಅದರ ಬಾಗಿಲು ಪಟಪಟ ಬಡಿಯುತ್ತದೆ. ನೀನು ಸಂದಿಗೆ ಏನೋ ಸಿಗಿಸುತ್ತಿದ್ದೆ. ಏನೆಂದು ನಾನು ಯಾವತ್ತೂ ನೋಡಿರಲಿಲ್ಲ. ಬರೆದು ತಿಳಿಸಬೇಡ, ಬಂದು ತೋರಿಸು.