ಹಗೇವಿನ ಕೇಸು

೨೮ ಫೆಬ್ರವರಿ ೧೯೪೪, ಸೋಮವಾರ. ಹೊಸಕೋಟೆ

ಬೆಳಗ್ಗೆ ಸರ್ಕಾರದ ಪರ ಮೂರು ಕೇಸು ನಡೆಸಬೇಕಿತ್ತು. ಎರಡು ಮುಂದಕ್ಕೆ ಹೋದವು, ಒಂದರಲ್ಲಿ ಆರೋಪಿಯೇ ನಾಪತ್ತೆ. ಎದೆಯುರಿ ಮತ್ತೆ ಶುರು. ಎಲ್ಲ ಬೆಲ್ಲದ ಕಾಫಿಯ ಪ್ರಭಾವ. ಸಕ್ಕರೆ ಸಿಗುವ ಹೊತ್ತಿಗೆ ಯುದ್ಧ ಮುಗಿದಿರುತ್ತದೆ, ಇಲ್ಲವೇ ನಾನು.

ಮಧ್ಯಾಹ್ನ ಗುಮಾಸ್ತ ಸಂಜೀವಪ್ಪ ಹೊಸ ಕೇಸಿನ ಕಟ್ಟು ತಂದಿಟ್ಟ. ಅನುಗೊಂಡನಹಳ್ಳಿ ಕಡೆಯದು, ಹೋದ ಕಾರ್ತಿಕದಲ್ಲಿ ನಡೆದದ್ದು. ಆರೋಪಿ ವೆಂಕಟರಾಯಪ್ಪ, ಊರಿಗೆ ದೊಡ್ಡ ಜಮೀನುದಾರ. ಮಾರನೇ ದಿನ ಸರ್ಕಾರಕ್ಕೆ ದವಸ ವಸೂಲಿ ಮಾಡುವ ಲೆವಿ ಅಧಿಕಾರಿಗಳು ತಪಾಸಣೆಗೆ ಬರುತ್ತಾರೆಂದು ಸುದ್ದಿ ಸಿಕ್ಕಿದೆ. ಹಿತ್ತಲಲ್ಲಿ ನೆಲದಡಿಯ ಹಗೇವು, ಅದರ ತುಂಬ ರಾಗಿ. ಸಂಜೆಯೊಳಗೆ ಬೇರೆ ಕಡೆ ಸಾಗಿಸುವ ಆತುರ. ಬಾಯಿಯ ಚಪ್ಪಡಿ ಸರಿಸಿದ್ದೇ ತಡ, ಕೇರಿಯ ಆಳು ಬೈಲಪ್ಪನನ್ನು ಒಳಗೆ ಇಳಿಸಿದ.

ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಬಾಯಿ ತೆರೆದು ಒಂದು ದಿನ ಬಿಡಬೇಕು. ಆಮೇಲೆ ಹಗ್ಗದಲ್ಲಿ ದೀಪ ಇಳಿಸಬೇಕು. ದೀಪ ಆರದಿದ್ದರೆ ಮಾತ್ರ ಮನುಷ್ಯ. ಈ ಸೀಮೆಯಲ್ಲಿ ಇದು ಗೊತ್ತಿಲ್ಲದವರಿಲ್ಲ. ಬೈಲಪ್ಪ ಹೆಣವಾಗಿ ಮೇಲೆ ಬಂದ.

ದುಡುಕಿನಿಂದ ಆದ ಸಾವು — ಎರಡು ವರ್ಷದವರೆಗೆ ಸಜೆ ಇದೆ. ಇಡೀ ಕೇಸು ನಿಂತಿರುವುದು ಒಂದೇ ಮಾತಿನ ಮೇಲೆ. ದೀಪ ಇಳಿಸಿದರೋ ಇಲ್ಲವೋ. ಇಳಿಸಿದ್ದೆವು, ಚೆನ್ನಾಗಿ ಉರಿಯಿತು, ಬೈಲಪ್ಪ ಕುಡಿದು ಬಿದ್ದು ಸತ್ತ ಎನ್ನುತ್ತಾರೆ ಆರೋಪಿಯ ಕಡೆಯವರು. ಇಳಿಸಲಿಲ್ಲ ಎನ್ನುವುದಕ್ಕೆ ನನ್ನ ಬಳಿ ಇರುವವನು ಪಿಳ್ಳಪ್ಪ ಒಬ್ಬನೇ. ಆವತ್ತು ಹಗ್ಗ ಹಿಡಿದಿದ್ದವನು.

೨ ಮಾರ್ಚ್, ಗುರುವಾರ

ಬೈಲಪ್ಪನ ಹೆಂಡತಿ ದ್ಯಾವಮ್ಮ ಕಚೇರಿಗೆ ಬಂದಿದ್ದಳು. ಒಳಗೆ ಕರೆದರೆ ಬಾಗಿಲ ಹೊರಗೇ ನಿಂತಳು. ಕೊನೆಗೆ ನಾನೇ ಎದ್ದು ಜಗುಲಿಗೆ ಹೋದೆ.

“ಕುಡ್ದು ಬಿದ್ದ ಅಂತ ಊರೆಲ್ಲ ಹೇಳ್ತಾವ್ರೆ ಸ್ವಾಮಿ. ನನ್ ಗಂಡ ಹೆಂಡ ಮುಟ್ದೋನಲ್ಲ. ಅದೊಂದು ಕೋರ್ಟಲ್ಲಿ ಬರೆಸ್ಬಿಡಿ. ಮಕ್ಳಿಗೆ ಕುಡುಕನ ಮಕ್ಳು ಅನ್ನಿಸ್ಬೇಡಿ.”

ವೆಂಕಟರಾಯಪ್ಪನಿಗೆ ಎಷ್ಟು ಶಿಕ್ಷೆಯಾಗುತ್ತದೆ ಎಂದು ಕೇಳಲೇ ಇಲ್ಲ. ನೀನೇನಾದರೂ ಕಂಡೆಯಾ ಅಂದೆ. ಆಕೆ ಅವರ ಮನೆಯ ಮುಂದಿನ ಅಂಗಳದಲ್ಲಿ ರಾಗಿ ಕೇರುತ್ತಿದ್ದಳಂತೆ. ಅಲ್ಲಿಂದ ಹಗೇವು ಕಾಣುವುದಿಲ್ಲ. “ದೊಡ್ಡಮ್ಮೋರು ಹಿತ್ಲ ಬಾಗ್ಲಲ್ಲೇ ಕುಂತಿದ್ರು. ಅವ್ರಿಗೆ ಎಲ್ಲಾ ಗೊತ್ತು.”

ದೊಡ್ಡಮ್ಮೋರು ಅಂದರೆ ಅಮ್ಮಯಮ್ಮ, ವೆಂಕಟರಾಯಪ್ಪನ ತಾಯಿ. ಪೋಲೀಸರು ಆಕೆಯ ಹೇಳಿಕೆ ತೆಗೆದುಕೊಂಡಿಲ್ಲ. ಯಾಕೆಂದು ಸಂಜೀವಪ್ಪನನ್ನು ಕೇಳಿದರೆ ನಕ್ಕ. “ಹೆತ್ತೋಳು ಮಗನ ಮೇಲೆ ಹೇಳ್ತಾಳಾ ಸಾರ್?”

೫ ಮಾರ್ಚ್, ಭಾನುವಾರ

ಸ್ಥಳ ನೋಡಿ ಬಂದೆ. ಜಾಗ ನೋಡದೆ ಕೇಸು ನಡೆಸುವುದಿಲ್ಲ ಎನ್ನುವುದು ನನ್ನ ಹಟ. ಇದಕ್ಕೆ ವಕೀಲರ ಕೋಣೆಯಲ್ಲಿ ನನಗೆ ಸರ್ವೆಯರ್ ಅಂತ ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ. ಇದ್ದಿಲು ಗ್ಯಾಸಿನ ಬಸ್ಸು ದಾರಿಯಲ್ಲಿ ಎರಡು ಸಲ ನಿಂತಿತು. ಇಳಿದು ತಳ್ಳಿದೆವು. ಪಂಚೆ ತುಂಬ ಮಸಿ.

ವೆಂಕಟರಾಯಪ್ಪ ಮರ್ಯಾದಸ್ಥ. ಎಳನೀರು ಕೆತ್ತಿಸಿದ, ಹಗೇವನ್ನು ತಾನೇ ತೋರಿಸಿದ. ಬಗ್ಗಿ ನೋಡಿದೆ. ಬಾಯಿ ಕಿರಿದು, ಒಳಗೆ ಕತ್ತಲು, ಹಳೇ ರಾಗಿಯ ಕಮಟು ವಾಸನೆ. ಅಲ್ಲಿ ಒಬ್ಬ ಮನುಷ್ಯ ಕೂಗಿದರೂ ಮೇಲಕ್ಕೆ ಕೇಳಿಸುತ್ತದೋ ಇಲ್ಲವೋ.

ಅವನು ಯಾರನ್ನೋ ಕರೆಯಲು ಆಚೆ ಹೋದಾಗ ನೋಡಿದೆ — ಹಿತ್ತಲ ಬಾಗಿಲಲ್ಲಿ ಮುದುಕಿಯೊಬ್ಬರು ಹುಣಸೆಹಣ್ಣು ಬಿಡಿಸುತ್ತಿದ್ದರು. ಅಮ್ಮಯಮ್ಮ. ಸಣ್ಣ ಆಳು, ನೆಟ್ಟಗಿನ ಬೆನ್ನು.

“ತಾಯಿ, ಆವತ್ತು ನೀವು ಇಲ್ಲೇ ಇದ್ರಂತೆ.”

“ಇದ್ದೆ.”

“ದೀಪ ಇಳಿಸಿದ್ರಾ?”

ಕೈ ನಿಲ್ಲಲಿಲ್ಲ. ಬೀಜ ಒಂದು ಕಡೆ, ಹಣ್ಣು ಒಂದು ಕಡೆ. “ಇಲ್ಲಿ ಕೇಳ್ಬೇಡಿ ಸ್ವಾಮಿ. ಇದು ನನ್ ಮಗನ ಮನೆ. ಅವ್ನು ಇಕ್ಕಿದ್ದು ಉಣ್ತೀನಿ. ಎಲ್ಲಿ ಕೇಳ್ಬೇಕೋ ಅಲ್ಲಿ ಕೇಳಿ.”

“ಅಲ್ಲಿ ಏನು ಹೇಳ್ತೀರಿ?”

“ಈಗ್ಲೇ ಹೇಳ್ಬಿಟ್ರೆ ಅಲ್ಲಿಗ್ಯಾಕೆ ಬರ್ಲಿ? ಮಜ್ಜಿಗೆ ಕುಡೀರಿ. ಬಿಸ್ಲಲ್ಲಿ ಬಂದಿದೀರ.”

ಮಜ್ಜಿಗೆ ಕುಡಿದು ಬಂದೆ. ಚೆನ್ನಾಗಿತ್ತು.

೬ ಮಾರ್ಚ್

ಅಮ್ಮಯಮ್ಮನನ್ನು ಸಾಕ್ಷಿಗೆ ಕರೆಸಲೋ ಬೇಡವೋ. ದೀಪ ಇಳಿಸಿದರು ಎಂದು ಆಕೆ ಒಂದು ಮಾತು ಹೇಳಿದರೆ ಕೇಸು ಅಲ್ಲಿಗೆ ಸತ್ತಿತು, ಬೈಲಪ್ಪ ಕುಡುಕನೆಂದೇ ದಾಖಲೆಯಾಗುತ್ತದೆ. ಮನೆಯಲ್ಲಿ ಹೆಂಡತಿ ರುಕ್ಮಿಣಿಯ ಹತ್ತಿರ ಹೇಳಿದೆ. “ನಿಮ್ಮಮ್ಮನನ್ನ ಕರೆಸಿ ನಿಮ್ಮ ಮೇಲೆ ಹೇಳು ಅಂದಿದ್ರೆ?” ಅಂದಳು. ನಮ್ಮಮ್ಮನಾದರೆ ಕರೆಯುವ ಮೊದಲೇ ಬಂದು ಹೇಳುತ್ತಿದ್ದಳು ಅಂದೆ. ನಕ್ಕಳು, ನಾನೂ ನಕ್ಕೆ. ಆದರೆ ಅದು ನಿಜವಲ್ಲ. ನನಗಾಗಿ ನಮ್ಮಮ್ಮ ಎಷ್ಟು ಸುಳ್ಳು ಹೇಳಿದ್ದಾಳೆ...

ಪಿಳ್ಳಪ್ಪ ಸಾಕು. ಮುದುಕಿಯ ಗೋಜು ಬೇಡ.

೧೪ ಮಾರ್ಚ್, ಮಂಗಳವಾರ

ಪಿಳ್ಳಪ್ಪ ಕೈಕೊಟ್ಟ.

“ದೀಪ ಇಳಿಸಿದ್ರು ಸ್ವಾಮಿ. ಸೆಂದಾಗಿ ಉರೀತು.” ನೆಲ ನೋಡಿಕೊಂಡೇ ಹೇಳಿದ. ಪೋಲೀಸರಿಗೆ ಬೇರೆ ಹೇಳಿದ್ದೆಯಲ್ಲಪ್ಪಾ ಅಂದರೆ ಗ್ಯಾನ ಇಲ್ಲ ಅಂದ. ಅಪ್ಪಣೆ ಪಡೆದು ನನ್ನ ಸಾಕ್ಷಿಯನ್ನೇ ಪಾಟೀಸವಾಲು ಮಾಡಿದೆ. ಗೋಡೆಯ ಜೊತೆ ಮಾತಾಡಿದ ಹಾಗಾಯಿತು. ಬೆಂಗಳೂರಿಂದ ಬಂದ ವೆಂಕಟರಾಯಪ್ಪನ ವಕೀಲರು ಇಸ್ತ್ರಿ ಮುರಿಯದ ಕೋಟಿನಲ್ಲಿ ನಗುತ್ತ ಕೂತಿದ್ದರು.

ಹೊರಗೆ ಸಿಕ್ಕಾಗ ಪಿಳ್ಳಪ್ಪನನ್ನು ಚೆನ್ನಾಗಿ ಉಗಿಯೋಣವೆಂದು ಹೋದೆ. ಮರದ ಕೆಳಗೆ ಕೂತು ಅಳುತ್ತಿದ್ದ. ಅವನು ಉಳುವುದು ವೆಂಕಟರಾಯಪ್ಪನವರ ಹೊಲ, ಗುಡಿಸಲು ಇರುವುದು ಅವರ ಜಾಗದಲ್ಲಿ. ಏನು ಬೈಯಲಿ.

ಸಂಜೆ ಅರ್ಜಿ ಹಾಕಿದೆ. ಅಮ್ಮಯಮ್ಮನವರಿಗೆ ಸಮನ್ಸ್. “ನಮ್ಮ ಸಾಕ್ಷಿಯನ್ನು ತಾವೇ ಕರೆಸಿಕೊಡುತ್ತಿದ್ದೀರಿ, ಉಪಕಾರವಾಯಿತು” ಅಂದರು ಬೆಂಗಳೂರಿನವರು. ಸಂಜೀವಪ್ಪ ನನ್ನ ಮುಖ ನೋಡಲಿಲ್ಲ.

೨೭ ಮಾರ್ಚ್

ಯುಗಾದಿ ಕಳೆಯಿತು. ನಾಡಿದ್ದು ಆಕೆಯ ಸಾಕ್ಷಿ. ತಪ್ಪು ಮಾಡಿದೆನೇನೋ. ಮಗನ ಮನೆಯಲ್ಲಿ ಬಾಳಬೇಕಾದ ಮುದುಕಿ ಏನು ತಾನೇ ಹೇಳಿಯಾರು? ಮಜ್ಜಿಗೆ ಕೊಟ್ಟರೆಂದು ನಂಬಿಬಿಟ್ಟೆನೆ?

೨೯ ಮಾರ್ಚ್, ಬುಧವಾರ. ಸಂಜೆ

ನೆನಪಿರುವಾಗಲೇ ಬರೆದಿಡಬೇಕು.

ಅಮ್ಮಯಮ್ಮನವರಿಗೆ ಮ್ಯಾಜಿಸ್ಟ್ರೇಟರು ಕುರ್ಚಿ ಹಾಕಿಸಿದರು. ಕೂರಲಿಲ್ಲ. ಪ್ರಮಾಣ ಮಾಡಿಸಿದರು. ಸುತ್ತಿ ಬಳಸಿ ಕೇಳಲು ನನಗೆ ಧೈರ್ಯವಿರಲಿಲ್ಲ. ನೇರ ಕೇಳಿದೆ.

“ಚಪ್ಪಡಿ ತೆಗೆದ ಮೇಲೆ ದೀಪ ಇಳಿಸಿದ್ರಾ?”

“ಇಲ್ಲ.”

ವೆಂಕಟರಾಯಪ್ಪ ಕಟಕಟೆಯ ಕಂಬ ಹಿಡಿದುಕೊಂಡ.

“ನಾನೇ ಹೇಳ್ದೆ. ವೆಂಕ್ಟ್ರಾಯಾ, ಮೊದ್ಲು ದೀಪ ಬಿಡೋ ಅಂತ. ಸೀಮೆಎಣ್ಣೆ ಎಲ್ಲೈತಮ್ಮ, ರೇಷನ್‌ದು ಮುಗ್ದೋಯ್ತು, ಹೊತ್ತು ಹೋಗ್ತೈತೆ ಅಂದ. ಬೈಲಪ್ಪ ಇಳ್ದ. ಆಮೇಲೆ ಹಗ್ಗ ಎಳದ್ರು, ಎಳದ್ರು... ಅವ್ನು ಹಿಡ್ಕೊಳ್ಳಲೇ ಇಲ್ಲ.”

“ಬೈಲಪ್ಪ ಕುಡಿದಿದ್ನಾ?”

“ಚಿಕ್ಕೋನಾಗಿದ್ದಾಗ್ನಿಂದ ಕಂಡಿದೀನಿ. ಮುಟ್ದೋನಲ್ಲ.”

ಬಾಗಿಲ ಹತ್ತಿರ ನಿಂತಿದ್ದ ದ್ಯಾವಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಕೂತುಬಿಟ್ಟೆ. ಸಾಕಾಗಿತ್ತು.

ಬೆಂಗಳೂರಿನವರು ಎದ್ದರು. ಮಗನಿಗೂ ನಿಮಗೂ ಮನಸ್ತಾಪವಿದೆ, ಹೌದೋ ಅಲ್ಲವೋ?

“ಇಲ್ಲ ಸ್ವಾಮಿ. ಬೆಳಗ್ಗೆ ಅವ್ನೇ ಗಾಡಿ ಕಟ್ಕೊಂಡು ಕರ್ಕೊಂಡ್ ಬಂದ. ಬಿಸ್ಲು ಅಂತ ತನ್ ಟವಲ್ ತಲೆ ಮೇಲೆ ಹೊದಿಸ್ದ.”

ಅಲ್ಲಿಗೆ ಅವರು ಕೂತಿದ್ದರೆ ಚೆನ್ನಾಗಿತ್ತು. ಸಿಟ್ಟು ಬಂದಿತ್ತು, ಕೂರಲಿಲ್ಲ. “ಅಂಥ ಮಗನ ಮೇಲೆ ಯಾಕೆ ಹೀಗೆ ಹೇಳುತ್ತಿದ್ದೀರಿ?”

ಮುದುಕಿ ಅವರ ಕಡೆಯಿಂದ ತಿರುಗಿ ಮ್ಯಾಜಿಸ್ಟ್ರೇಟರನ್ನು ನೋಡಿದರು.

“ಅವ್ನ ಮೇಲೆ ಮಾತ್ರ ಅಲ್ಲ. ನನ್ ಮೇಲೂ ಹೇಳ್ತೀನಿ, ಬರ್ಕೊಳ್ಳಿ. ಸೀಮೆಎಣ್ಣೆ ಇರ್ಲಿಲ್ಲ, ದಿಟ. ದೇವ್ರ ಮನೇಲಿ ಹರಳೆಣ್ಣೆ ದೀಪ ಉರೀತಿತ್ತು. ತಂದ್ಕೊಡಾನ ಅಂತ ಎದ್ದೆ. ದೇವ್ರ ದೀಪ, ಕೇರಿ ಆಳು ಇಳಿಯೋ ಗುಂಡಿಗಾ ಅನ್ನಿಸ್ತು. ಕುಂತ್ಕೊಂಡೆ.”

“ಕುಂತ್ಕೊಂಡಿದ್ದು ನಾನು” ಅಂದರು ಮತ್ತೆ.

ಮ್ಯಾಜಿಸ್ಟ್ರೇಟರ ಪೆನ್ನು ನಿಂತೇ ಇತ್ತು. ಆಮೇಲೆ ಬರೆದುಕೊಂಡರು.

ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ. ಬಾಯಿ ಬಿಡಿಸಿದ್ದೇನೆ, ಬೆದರಿಸಿದ್ದೇನೆ, ಬುದ್ಧಿವಂತರನ್ನು ತಬ್ಬಿಬ್ಬು ಮಾಡಿ ಹೆಮ್ಮೆಪಟ್ಟಿದ್ದೇನೆ. ಯಾರೂ ಕೇಳದ ಪ್ರಶ್ನೆಗೆ ತನ್ನ ವಿರುದ್ಧವೇ ಉತ್ತರ ಕೊಟ್ಟವರನ್ನು ಕಂಡಿರಲಿಲ್ಲ. ಆಕೆ ಸುಮ್ಮನಿದ್ದಿದ್ದರೆ ಆ ದೀಪದ ವಿಷಯ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎದ್ದು ಕಾಲು ಮುಟ್ಟಬೇಕು ಅನ್ನಿಸಿತು. ಸರ್ಕಾರಿ ವಕೀಲ ಹಾಗೆಲ್ಲ ಮಾಡುವಂತಿಲ್ಲ. ಕಾಗದ ಜೋಡಿಸುತ್ತ ಕೂತೆ.

೩೦ ಮಾರ್ಚ್

ವಕೀಲರ ಕೋಣೆಯಲ್ಲಿ ಇಡೀ ದಿನ ಅದೇ ಮಾತು. ಎಂಥ ತಾಯಿ ಅದು, ಹೆತ್ತ ಮಗನನ್ನು ಜೈಲಿಗೆ ತಳ್ಳಿದಳು ಅಂದರು ಒಬ್ಬರು. ಜಗಳವಾಡಿದೆ. ಕಾಫಿ ಬಿಟ್ಟು ಎದ್ದು ಬಂದೆ.

ರುಕ್ಮಿಣಿ ಎಲ್ಲ ಕೇಳಿ ಒಂದೇ ಮಾತು ಅಂದಳು. “ವಾಪಸ್ ಹೋಗಿದ್ದೂ ಅದೇ ಗಾಡೀಲಲ್ವಾ?”

ಹೌದು. ನೋಡಿದೆ. ಜಾಮೀನಿನ ಮೇಲಿದ್ದ ಮಗನೇ ಹೊಡೆದುಕೊಂಡು ಹೋದ. ಹತ್ತುವಾಗ ಕೈ ಹಿಡಿದು ಹತ್ತಿಸಿದ. ಮನೆ ತಲುಪಿದ ಮೇಲೆ ಆಕೆ ಊಟ ಮಾಡಿದರೋ ಇಲ್ಲವೋ, ಅದು ನನಗೆ ಹೊಳೆದಿರಲಿಲ್ಲ.

೧೨ ಏಪ್ರಿಲ್, ಬುಧವಾರ

ತೀರ್ಪು. ಒಂದು ವರ್ಷ ಸಜೆ. ಮೃತನು ಮದ್ಯಪಾನ ಮಾಡಿದ್ದನೆಂಬ ವಾದ ಸುಳ್ಳು ಎಂದು ಮ್ಯಾಜಿಸ್ಟ್ರೇಟರು ಸ್ಪಷ್ಟವಾಗಿ ಓದಿದರು. ಹೊರಗೆ ಬಂದು ದ್ಯಾವಮ್ಮನಿಗೆ ಅದನ್ನು ಬಿಡಿಸಿ ಹೇಳಿದೆ. ಇನ್ನೊಂದ್ಸಲ ಹೇಳಿ ಅಂದಳು. ಹೇಳಿದೆ. ಕೈ ಮುಗಿದಳು. ಗೆದ್ದ ಖುಷಿ ನನಗೂ ಇತ್ತು, ಇಲ್ಲ ಎನ್ನಲಾರೆ.

ಅಷ್ಟರಲ್ಲಿ ಅಮ್ಮಯಮ್ಮ ಹತ್ತಿರ ಬಂದರು. ಮಗನನ್ನು ಆಗತಾನೇ ಪೋಲೀಸರು ಕರೆದೊಯ್ದಿದ್ದರು. ಅತ್ತಿರಲಿಲ್ಲ.

“ಅವ್ನಿಗೆ ಒಂದ್ ವರ್ಷ ಅಂದ್ರು.”

“ಹೌದು ತಾಯಿ.”

“ನಂದು?”

ತಿಳಿಯಲಿಲ್ಲ ನನಗೆ.

“ನಂದೂ ಬರ್ಕೊಳ್ಳಿ ಅಂದಿದ್ನಲ್ಲ ಸ್ವಾಮಿ. ಬರ್ಕೊಂಡ್ರು, ನೋಡ್ದೆ. ಓದೋವಾಗ ನಂದು ಓದ್ಲೇ ಇಲ್ಲ.”

ನೀವು ಬಂದದ್ದು ಸಾಕ್ಷಿಯಾಗಿ, ನಿಮ್ಮ ಮೇಲೆ ಆರೋಪವಿಲ್ಲ, ಎದ್ದು ದೀಪ ತರಲಿಲ್ಲ ಎನ್ನುವುದಕ್ಕೆ ಕಾಯಿದೆಯಲ್ಲಿ ಶಿಕ್ಷೆಯಿಲ್ಲ — ಏನೇನೋ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಮಾತಿಗೆ ನನಗೇ ನಾಚಿಕೆಯಾಯಿತು. ಪೂರ್ತಿ ಕೇಳಿಸಿಕೊಂಡರು. ಆಮೇಲೆ ದ್ಯಾವಮ್ಮನ ಕಡೆ ತಿರುಗಿದರು.

“ಹಂಗಾದ್ರೆ ನಂಗೆಷ್ಟು ಅಂತ ನೀನೇ ಹೇಳಮ್ಮ.”

ದ್ಯಾವಮ್ಮ ನನ್ನನ್ನು ನೋಡಿದಳು, ನೆಲ ನೋಡಿದಳು. “ನಂಗ್ ಹೇಳಾಕ್ ಬರಲ್ಲ ದೊಡ್ಡಮ್ಮೋರೆ” ಅಂದು ನಡೆದುಬಿಟ್ಟಳು. ಊರಿನ ದಾರಿ ಹಿಡಿದಳು. ಮುದುಕಿ ಹಿಂದೆಯೇ ಹೊರಟರು. ಜಟಕಾ ಕರೆಸುತ್ತೇನೆ ತಾಯಿ, ಬಿಸಿಲು ಅಂದೆ. ತಿರುಗಲಿಲ್ಲ. ಮುಂದೆ ಅವಳು, ಒಂದಷ್ಟು ದೂರ ಬಿಟ್ಟು ಇವರು. ರಸ್ತೆ ತಿರುಗುವ ಕಡೆ ದ್ಯಾವಮ್ಮ ನಿಂತಳು. ಕಾಯುತ್ತ ನಿಂತಳೋ, ಸೆರಗು ಸರಿಮಾಡಿಕೊಳ್ಳಲು ನಿಂತಳೋ... ಒಳಗೆ ಮುಂದಿನ ಕೇಸು ಕೂಗಿದರು. ನಾನು ಹೋಗಬೇಕಾಯಿತು.