ಗೋಡೆ ಮೇಲಿನ ನೀಲಿ ಹಿಮ್ಮಡಿ

ಅತ್ತೆ,

ಬೀರು ಪಕ್ಕದ ಗೋಡೆ ಒರೆಸೋಕೆ ಹೋಗಬೇಡಿ, ನಾನು ಆಗಲೇ ನೋಡಿದ್ದೀನಿ. ನೀಲಿ ಹಿಮ್ಮಡಿ ಗುರುತು ದಿನಕ್ಕೊಂದರಂತೆ ಮೇಲಕ್ಕೆ ಹತ್ತಿವೆ. ಬಟ್ಟೆಗೆ ಗೆರೆ ಎಳೆಯೋ ಸೀಮೆಸುಣ್ಣ ಹಿಮ್ಮಡಿಗೆ ಬಳ್ಕೊಂಡು ಶೀರ್ಷಾಸನದ ಅಳತೆ ತೆಗೆಯೋದು, ನಲವತ್ತು ವರ್ಷ ಹೊಲಿಗೆ ಹೊಲಿದವರಿಗೆ ಮಾತ್ರ ಹೊಳೆಯೋ ಬುದ್ಧಿ.

ಆದರೆ ನಿನ್ನೆಯ ಗುರುತು ಮೇಲಿಂದ ನೆಲದವರೆಗೂ ಓರೆಯಾಗಿ ಜಾರಿದೆ. ಊಟಕ್ಕೆ ಕೂತಾಗ ಕತ್ತು ತಿರುಗಿಸದೆ "ದಿಂಬು ಸರಿಯಿಲ್ಲ ಕಣೇ" ಅಂದ್ರಲ್ಲ. ಪಾಪ, ದಿಂಬು!

ತಲೆಗೆ ರಕ್ತ ಚೆನ್ನಾಗಿ ಹರಿಯತ್ತೆ, ಕೂದಲು ಉದುರಲ್ಲ, ನೆನಪು ಚುರುಕಾಗತ್ತೆ ಅಂತೀರಿ. ಇರಬಹುದು. ಮತ್ತೆ, ಮನೇಲಿ ಯಾರೂ ಇಲ್ಲದಾಗ ಮಾಡಲ್ಲ ಅಂತ ನನಗೆ ಕೊಟ್ಟ ಮಾತು ಹೇಗೆ ಮರೆತುಹೋಯ್ತು?

ಇವತ್ತು ಭಾರ ಎತ್ತಬೇಡಿ. ನೆನೆಹಾಕಿದ ಬಟ್ಟೆ ಹಾಗೇ ಇರಲಿ, ನಾನು ಬಂದು ಒಗೀತೀನಿ. ತಿಂಡಿ ಮುಚ್ಚಿಟ್ಟಿದ್ದೀನಿ. ತಿಂದು, ಹನ್ನೊಂದಕ್ಕೆ ಸರಿಯಾಗಿ ನಮ್ಮ ಆಸ್ಪತ್ರೆಗೆ ಬನ್ನಿ. ಊರವರ ಕತ್ತಿಗೆಲ್ಲ ಎಕ್ಸ್‌ರೇ ತೆಗೆಯೋ ಸೊಸೇನ ಮನೇಲಿಟ್ಕೊಂಡು ದಿಂಬಿನ ಮೇಲೆ ತಪ್ಪು ಹೊರಿಸಬೇಡಿ. ನಿಮ್ಮ ಮಗನಿಗೆ ಏನೂ ಹೇಳಿಲ್ಲ. ಗೊತ್ತಾದರೆ ದೊಡ್ಡ ರಂಪ ಮಾಡ್ತಾರೆ.

ಕತ್ತಿಗೆ ಏನೂ ಆಗಿಲ್ಲ, ಮಾಡಬಹುದು ಅಂತ ಡಾಕ್ಟರ್ ಹೇಳಿದರೆ, ಭಾನುವಾರ ಗೋಡೆ ಪಕ್ಕ ನಾನೇ ನಿಂತ್ಕೊಳ್ತೀನಿ. ಗುರುತೂ ನಾನೇ ಹಾಕ್ತೀನಿ.

ಅಲ್ಲೀತನಕ ನೀಲಿ ಸೀಮೆಸುಣ್ಣ ನನ್ನ ಬ್ಯಾಗಲ್ಲಿರತ್ತೆ. ಕೆಂಪುದನ್ನ ಹುಡುಕಬೇಡಿ, ಅದೂ ಇಲ್ಲೇ ಇದೆ.